ಅನ್ನ ಹಾಕಿದವರ ಗದ್ದೆ

ಶಿಕಾರಿಪುರ
೮-೬-೧೯೫೮

ಅಕ್ಕನಿಗೆ ತಮ್ಮ ಲೋಕಪ್ಪನ ನಮಸ್ಕಾರ.

ಕ್ಷೇಮ ಸಮಾಚಾರ ಕೇಳಿ ಅರ್ಧ ಪುಟ ಹಾಳು ಮಾಡುವುದಿಲ್ಲ. ನಿನಗೇನಾದರೂ ಆಗಿದ್ದರೆ ಇಷ್ಟು ಹೊತ್ತಿಗೆ ನನ್ನನ್ನು ಬೈದು ಕಾಗದ ಹಾಕಿರುತ್ತಿದ್ದೆ. ನಾನು ಇಲ್ಲಿಯ ಬ್ಲಾಕ್ ಆಫೀಸಿನಲ್ಲಿ ಸಹಕಾರ ವಿಸ್ತರಣಾಧಿಕಾರಿ ಅಂತ ಚಾರ್ಜು ತೆಗೆದುಕೊಂಡೆ. ಹುದ್ದೆಯ ಹೆಸರು ಉದ್ದ, ಕುರ್ಚಿಯ ಒಂದು ಕಾಲು ಗಿಡ್ಡ. ಜೀಪಿದೆ, ನಾಲ್ಕು ಜನ ತಳ್ಳಿದರೆ ಹೋಗುತ್ತದೆ. ಖಾನಾವಳಿಯವನು "ಇನ್ನೊಂದು ರೊಟ್ಟಿ ಹಾಕ್ಲೇನ್ರೀ ಸಾಹೇಬ್ರ" ಅಂದಾಗಲೆಲ್ಲ ಸಾಹೇಬ ಯಾರು ಅಂತ ಹಿಂದೆ ತಿರುಗಿ ನೋಡುತ್ತೇನೆ.

ಮೈಸೂರಿನಲ್ಲಿ ಓದಿದ ಅರ್ಥಶಾಸ್ತ್ರವನ್ನು ಹೇಳಲು ಬಂದರೆ ನೀನು ಮೊರ ತೆಗೆದುಕೊಂಡು ಎದ್ದು ಹೋಗುತ್ತಿದ್ದೆ. ಇದು ಕಾಗದ, ತಪ್ಪಿಸಿಕೊಳ್ಳುವ ಹಾಗಿಲ್ಲ. ಬಡದೇಶ ಉದ್ಧಾರವಾಗಲು ಎರಡೇ ದಾರಿ ಅಂತ ಜನ ತಿಳಿದಿದ್ದಾರೆ. ಉಳ್ಳವನು ಬೆಳೆಯುತ್ತಾ ಹೋಗಲಿ, ಇಲ್ಲದವನ ಹಣೆಬರಹ ಅವನಿಗೆ ಅನ್ನುವುದು ಒಂದು. ಉಳ್ಳವನನ್ನು ಹೊಡೆದು ಕಿತ್ತುಕೊಳ್ಳುವುದು ಇನ್ನೊಂದು. ನಾವು ಹಿಡಿದಿರುವುದು ಮೂರನೆಯದು. ಬಂಡವಾಳ ಅನ್ನುವುದು ಹೋರಿ ಇದ್ದ ಹಾಗೆ, ಕೊಲ್ಲಬೇಕಾಗಿಲ್ಲ, ಮೂಗುದಾರ ಹಾಕಿದರೆ ಸಾಕು. ಯೂರೋಪಿನಲ್ಲಿ ಸ್ವೀಡನ್ ಅಂತ ದೇಶವಿದೆ. ಅಲ್ಲಿ ಒಡೆಯನೂ ಇದ್ದಾನೆ, ದುಡಿಯುವವನೂ ಇದ್ದಾನೆ. ಒಡೆಯನ ಲಾಭದಿಂದ ತೆರಿಗೆ ತೆಗೆದು ದುಡಿಯುವವನ ಮಕ್ಕಳಿಗೆ ಶಾಲೆ, ಆಸ್ಪತ್ರೆ, ಮುದುಕರಿಗೆ ಪಿಂಚಣಿ. ಒಂದು ತೊಟ್ಟು ರಕ್ತ ಬಿದ್ದಿಲ್ಲ.

ಇದನ್ನು ನಮ್ಮ ಊರಲ್ಲೇ ಶುರು ಮಾಡೋಣ. ಈ ಸಲ ನಿಮ್ಮ ಗದ್ದೆಯ ನಾಟಿಗೆ ನಿಮ್ಮ ಒಡೆಯರು ಮಹೇಶ್ವರಪ್ಪನವರನ್ನೂ ಮುಯ್ಯಾಳಿಗೆ ಕರೆಯಿರಿ. ನಾನು ಅವರ ಹತ್ತಿರ ಮಾತಾಡಿದ್ದೇನೆ. ಸೊರಬದ ಪೇಟೆಯಲ್ಲಿ ಕೂತು ಗೇಣಿ ತೆಗೆದುಕೊಳ್ಳುವ ಮನುಷ್ಯ ಗೇಣಿದಾರರ ಸಾಲಿನಲ್ಲಿ ಕೆಸರಿಗಿಳಿಯುತ್ತೇನೆ ಅನ್ನುತ್ತಾರೆ! ಅವತ್ತಿನ ಊಟವನ್ನೂ ಅವರೇ ಗಾಡಿಯಲ್ಲಿ ತರುತ್ತಾರಂತೆ. ಭಾವನನ್ನು ಒಪ್ಪಿಸುವ ಕೆಲಸ ನಿನ್ನದು.

ನಿನ್ನ ತಮ್ಮ
ಲೋಕಪ್ಪ


ಹೊಸಬಾಳೆ
೨೨-೬-೧೯೫೮

ಲೋಕಪ್ಪಾ,

ಚೆನ್ನಾಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕಾಗದ ಓದುತ್ತಾ ಎರಡು ಸಲ ಎದ್ದು ಹೋಗಿ ಬಂದೆ. ಮೊದಲನೇ ಸಲ ಎಮ್ಮೆ ಕೂಗಿತು, ಎರಡನೇ ಸಲ ಸ್ವೀಡನ್ ಬಂತು.

ನಿನ್ನ ಭಾವನಿಗೆ ಓದಿ ಹೇಳಿದೆ. "ಒಡೇರು ಕೆಸರಿಗಿಳೀತಾರಂತನಾ? ಎಂತಕೆ, ಉಂಗುರಗಿಂಗುರ ಬಿದ್ದು ಹೋಗ್ಯದನಾ ಗದ್ದೇಲಿ?" ಅಂದರು. ಪಕ್ಕದ ಮನೆ ಮಾಸ್ತಪ್ಪನಿಗೂ ಹೇಳಿದೆ. ಅವನೂ ನಮ್ಮ ಹಾಗೆ ಅದೇ ಒಡೆಯರ ಗೇಣಿದಾರ, ನಿನಗೆ ಗೊತ್ತಲ್ಲ. ಅವನು ನಗಲಿಲ್ಲ. ಬೀಡಿ ಆರಿಸಿ ಎದ್ದು ಹೋದ.

ಊಟದ ಮಾತು ನನಗೂ ಸರಿ ಕಾಣಲಿಲ್ಲ. ನೀನು ಹಾಸ್ಟೆಲಿನಲ್ಲಿ ಬೆಳೆದವನು, ಮುಯ್ಯಾಳಿನ ಕಟ್ಟಳೆ ಮರೆತಿದ್ದೀಯ. ಇವತ್ತು ಅವರು ನಮ್ಮ ಗದ್ದೆಗೆ, ನಾಳೆ ನಾವು ಅವರ ಗದ್ದೆಗೆ, ಕೂಲಿಯ ಮಾತೇ ಇಲ್ಲ, ಅದು ಸರಿ. ಆದರೆ ಮೊದಲ ಹಿಡಿ ಸಸಿ ಊರುವವರು ಗದ್ದೆಯ ಮನೆಯವರು, ಬಂದ ಆಳುಗಳಿಗೆ ಅನ್ನ ಬೇಯುವುದು ಗದ್ದೆಯ ಮನೆಯ ಒಲೆಯಲ್ಲಿ. ಆ ದಿನ ಯಾರು ಬಡಿಸುತ್ತಾರೋ ಗದ್ದೆ ಅವರದು ಅಂತಲೇ ನಮ್ಮಲ್ಲಿ ನಡೆದುಕೊಂಡು ಬಂದಿದೆ. ನಾನು ಬಾಣಂತಿಯಾಗಿದ್ದ ವರ್ಷವೂ ನಮ್ಮ ಅತ್ತೆ ಬೇರೆ ಮನೆಯಿಂದ ಒಂದು ಸೌಟು ಸಾರು ತರಿಸಲಿಲ್ಲ. ಒಡೆಯರು ಬರುವುದಾದರೆ ಬರಲಿ, ನಮ್ಮ ಗಂಜಿ ಉಪ್ಪಿನಕಾಯಿ ಉಂಡು ಹೋಗಲಿ.

ನಮ್ಮ ಮಗಳು ವರದೆಗೆ ಕುಬಟೂರಿನ ಕಡೆಯಿಂದ ಒಂದು ಗಂಡು ಕೇಳುತ್ತಿದ್ದಾರೆ. ಹುಡುಗಿ ನೀರು ತರಲು ಹೋದರೂ ನಾಚುತ್ತಾಳೆ ಈಗ.

ನಿನ್ನ ಅಕ್ಕ
ಬಂಗಾರಮ್ಮ


ಶಿಕಾರಿಪುರ
೨-೭-೧೯೫೮

ಪ್ರೀತಿಯ ಅಕ್ಕ,

ನೀನು ಒಲೆಗೂ ಗದ್ದೆಗೂ ಗಂಟು ಹಾಕಿ ಕೂತಿದ್ದೀಯ. ಒಂದು ದಿನ ಒಲೆಗೆ ರಜೆ ಕೊಟ್ಟರೆ ಗದ್ದೆ ಎದ್ದು ಓಡಿ ಹೋಗುತ್ತದೆಯೇ?

ಇಷ್ಟು ಕಾಲ ಒಡೆಯರ ಮನೆಯ ಜಗುಲಿಯ ಕೆಳಗೆ ನಿಂತು ಮಾತಾಡಿದಿರಿ. ಅವರೇ ಬಂದು ನಿಮ್ಮ ಎಲೆಗೆ ಬಡಿಸುತ್ತೇನೆ ಅಂದರೆ ಅದು ಸಣ್ಣ ಸಂಗತಿಯಲ್ಲ. ಗೇಣಿ ಪದ್ಧತಿಗೆ ಹೊಸ ಕಾನೂನು ಬರುತ್ತದೆ ಅಂತ ಎಲ್ಲ ಕಡೆ ಮಾತಿದೆ. ಅದು ಬರುವ ಹೊತ್ತಿಗೆ ಒಡೆಯರೂ ನೀವೂ ಹತ್ತಿರವಾಗಿದ್ದರೆ ಜಗಳವಿಲ್ಲದೆ ಎಲ್ಲ ಬಗೆಹರಿಯುತ್ತದೆ. ನಾನು ಹೇಳುವುದರಲ್ಲಿ ನಿನಗೆ ನಂಬಿಕೆ ಇದ್ದರೆ ಇಷ್ಟು ಮಾಡು. ಇಲ್ಲದಿದ್ದರೆ ಬಿಡು, ಮತ್ತೆ ಕೇಳುವುದಿಲ್ಲ.

ನಾಟಿಯ ದಿನ ನಾನು ಬರಲಾಗದು. ತಾಳಗುಂದದಲ್ಲಿ ಸಹಕಾರ ಸಂಘದ ಸಭೆ ಇಟ್ಟುಕೊಂಡಿದ್ದೇವೆ. ವರದೆಯ ಮದುವೆಗೆ ಸೀರೆ ನನ್ನದು, ಬಣ್ಣ ಅವಳದು.

ಲೋಕಪ್ಪ


ಹೊಸಬಾಳೆ
೩-೮-೧೯೫೮

ತಮ್ಮಾ,

ಗೆದ್ದೆ ಬಿಡು. ಮೊನ್ನೆ ಎಲ್ಲರ ಗದ್ದೆಗೂ ಒಟ್ಟಿಗೇ ನಾಟಿಯಾಯಿತು, ಒಡೆಯರು ಬಂದಿದ್ದರು.

ಅವರ ಗೇಣಿ ಮಾಡುವ ಏಳು ಮನೆಯವರನ್ನೂ ಒಪ್ಪಿಸುವಷ್ಟರಲ್ಲಿ ನನ್ನ ಗಂಟಲು ಕಟ್ಟಿತು. ಮಾಸ್ತಪ್ಪ, "ನೋಡು ಬಂಗಾರಕ್ಕ, ನೀನು ಹೇಳ್ತೀಯ ಅಂತ ಹೂಂ ಅಂತೀನಿ. ನಿನ್ ತಮ್ಮ ಹೇಳ್ತಾನೆ ಅಂತಲ್ಲ" ಅಂದ. "ನನ್ ತಮ್ಮ ಬೇರೆ ಅಲ್ಲ, ನಾನು ಬೇರೆ ಅಲ್ಲ ಮಾರಾಯ" ಅಂದೆ.

ಒಡೆಯರು ಬಿಳಿ ಪಂಚೆ ಎತ್ತಿ ಕಟ್ಟಿ ಬದು ಇಳಿದರು. ಆ ಕಾಲೋ, ಬಿಸಿಲನ್ನೇ ಕಂಡಿಲ್ಲ. ಎರಡು ಹೆಜ್ಜೆ ಇಡುವಷ್ಟರಲ್ಲಿ ಜಾರಿ ಕೆಸರಲ್ಲಿ ಕೂತೇಬಿಟ್ಟರು. ಹೆಂಗಸರೆಲ್ಲ ಸಸಿಯ ಕಟ್ಟಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕಿದ್ದೇ ನಕ್ಕಿದ್ದು. ಅವರೂ ನಕ್ಕರು, ಅದು ನನಗೆ ಹಿಡಿಸಿತು. ನಿನ್ನ ಭಾವ ಮೊದಲ ಹಿಡಿ ಸಸಿಯನ್ನು ತಾವು ಊರದೆ ಅವರ ಕೈಗೆ ಕೊಟ್ಟರು. ನಾನು ಕಣ್ಣು ಬಿಟ್ಟರೆ, "ಬಂದೋರಿಗೆ ಮಣೆ ಹಾಕೋದಿಲ್ವನಾ ನಾವು? ಇದೂ ಹಂಗೇಯ" ಅಂದರು. ಊಟಕ್ಕೆ ಹೋಳಿಗೆ, ತುಪ್ಪ, ಚಿತ್ರಾನ್ನ. ಒಡೆಯರು ಸೊಂಟ ಬಗ್ಗಿಸಿ ಎಲೆ ಎಲೆಗೂ ತಾವೇ ಬಡಿಸಿದರು. ನನ್ನ ಎಲೆಗೆ ಎರಡನೇ ಹೋಳಿಗೆ ಹಾಕುವಾಗ ನಿನ್ನ ಮಾತು ನೆನಪಾಗಿ ನನಗೆ ಸುಮ್ಮನೆ ಕಣ್ಣು ತುಂಬಿತು.

ಅತ್ತೆ ಮಾತ್ರ ಪಂಕ್ತಿಗೆ ಕೂರಲಿಲ್ಲ. ಮನೆಗೆ ಬಂದು ತಣ್ಣಗಿನ ಗಂಜಿ ಕುಡಿದು ಮಲಗಿದರು. ಹುಲಿಗೆಮ್ಮ ಅಂತ ಹೆಸರಿಟ್ಟವರು ತಿಳಿದೇ ಇಟ್ಟಿದ್ದಾರೆ. ಒಡೆಯರ ಜತೆ ಇಬ್ಬರು ಪೇಟೆಯವರು ಬಂದು ಬದುವಿನ ಮೇಲೆ ಕೊಡೆ ಹಿಡಿದು ನಿಂತೇ ಇದ್ದರು. ಕರೆದರೂ ಊಟಕ್ಕೆ ಬರಲಿಲ್ಲ. ನಿಮ್ಮ ಆಫೀಸಿನವರಾ?

ಏನೇ ಆಗಲಿ, ನಿನ್ನಂಥ ತಮ್ಮ ಇದ್ದಾನೆ ಅಂತ ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಹಾಗಾಯಿತು.

ನಿನ್ನ ಅಕ್ಕ
ಬಂಗಾರಮ್ಮ


ಹೊಸಬಾಳೆ
೧೪-೧೨-೧೯೫೮

ಲೋಕಪ್ಪಾ,

ಹಬ್ಬಕ್ಕೂ ಬರಲಿಲ್ಲ, ದೀಪಾವಳಿಯ ಮೇಲೆ ಹಾಕಿದ ಕಾಗದಕ್ಕೂ ಉತ್ತರವಿಲ್ಲ. ಆ ಸಿಟ್ಟನ್ನು ಆಮೇಲೆ ತೀರಿಸಿಕೊಳ್ಳುತ್ತೇನೆ. ಈಗ ಇದನ್ನು ಓದಿ ಕೂಡಲೇ ಹೊರಟು ಬಾ.

ಒಕ್ಕಣೆಯಾಯಿತು. ನಿನ್ನ ಭಾವ, ಮಾಸ್ತಪ್ಪ ಗೇಣಿಯ ಭತ್ತ ಹೇರಿಕೊಂಡು ಸೊರಬಕ್ಕೆ ಹೋದರು. ಒಡೆಯರು ಚೀಲ ಇಳಿಸಲು ಬಿಡಲಿಲ್ಲ. ನಿನ್ನ ಭಾವನ ಕಡೆ ತಿರುಗಿ, "ಗೇಣಿ ಎಂತದು ಹೂವಪ್ಪ? ನನ್ನ ಗದ್ದೆ, ನಾನೇ ನಿಂತು ನಾಟಿ ಮಾಡಿದೀನಿ. ಭತ್ತ ಎಲ್ಲ ನಂದೇ. ನಿಮ್ಮ ಕೂಲಿ ಹೇಳಿ, ತಗಂಡು ಹೋಗಿ" ಅಂದರಂತೆ. ನಿನ್ನ ಭಾವ ತಮಾಷೆ ಅಂತ ತಿಳಿದು ನಕ್ಕರಂತೆ. ಒಡೆಯರು ನಗಲಿಲ್ಲವಂತೆ.

ಆಮೇಲೆ ಗೊತ್ತಾಯಿತು. ಒಡೆಯ ಸ್ವಂತ ಸಾಗುವಳಿ ಮಾಡುತ್ತಾನೆ ಅಂತಾದರೆ ಗೇಣಿದಾರನಿಗೆ ಗದ್ದೆಯ ಮೇಲೆ ಹಕ್ಕಿಲ್ಲವಂತೆ. ಅದಕ್ಕೆ ಅವರು ಅರ್ಜಿ ಹಾಕಿದ್ದಾರೆ. ಕೊಡೆ ಹಿಡಿದು ನಿಂತಿದ್ದ ಇಬ್ಬರು ಅವರ ಸಾಕ್ಷಿಗಳು. ಏಳು ಮನೆಗೂ ಸೊರಬದ ಕಚೇರಿಯಿಂದ ವಿಚಾರಣೆಗೆ ಕರೆ ಬಂದಿದೆ. ಹೆಂಗಸರು ನನ್ನ ಬಾವಿಗೆ ನೀರಿಗೆ ಬರುತ್ತಾರೆ, ಮಾತಾಡುವುದಿಲ್ಲ. ಬೈದರೆ ಎಷ್ಟೋ ಚೆನ್ನಾಗಿತ್ತು.

ಪಾಪ, ನಿನಗೂ ಟೋಪಿ ಹಾಕಿದರು ಆ ಒಡೆಯರು. ನೀನು ಹುಟ್ಟುವ ಮೊದಲಿಂದ ಈ ಗದ್ದೆ ಉಳುತ್ತಿರುವವರು ಯಾರು ಅಂತ ನೀನು ಬಂದು ಒಂದು ಮಾತು ಹೇಳಿದರೆ ಸಾಕು. ಸರ್ಕಾರದ ಮನುಷ್ಯನ ಮಾತಿಗೆ ತೂಕ ಇರುತ್ತದೆ. ಗದ್ದೆ ಹೋದರೆ ನಮಗೆ ಇನ್ನೇನೂ ಇಲ್ಲ, ಬಾ.

ನಿನ್ನ ಅಕ್ಕ
ಬಂಗಾರಮ್ಮ


ಶಿಕಾರಿಪುರ
೫-೧-೧೯೫೯

ಅಕ್ಕನಿಗೆ,

ಕಾಗದ ತಲುಪಿತು. ಕೆಲಸ ಬಹಳ. ವಿಚಾರಣೆಯ ದಿನ ನನಗೂ ಹೇಳಿಕೆಗೆ ಕರೆ ಇದೆ, ಬರುತ್ತೇನೆ. ನೀನು ಎದೆಗುಂದಬೇಡ. ಒಂದು ತುಂಡು ಗದ್ದೆಯೇ ಬದುಕಲ್ಲ. ಕಾಲ ಬದಲಾಗುತ್ತಿದೆ, ಸ್ವಲ್ಪ ದೂರದಲ್ಲಿ ನಿಂತು ನೋಡಿದರೆ ಬೇರೆ ಥರ ಕಾಣುತ್ತದೆ. ಎದುರಿಗೆ ಸಿಕ್ಕಾಗ ವಿವರವಾಗಿ ಮಾತಾಡೋಣ.

ಲೋಕಪ್ಪ


ಹೊಸಬಾಳೆ
೨೦-೨-೧೯೫೯

ಲೋಕಪ್ಪ,

ಎದುರಿಗೆ ಸಿಕ್ಕೆವು, ಮಾತಾಡಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಸೊರಬದ ವಿಚಾರಣೆಯಲ್ಲಿ ನಮ್ಮವರನ್ನು ಒಬ್ಬೊಬ್ಬರಾಗಿ ಕರೆದು ಕೇಳಿದ್ದು ನೀನೂ ಕೇಳಿದೆ. ಮೊದಲ ಸಸಿ ಊರಿದ್ದು ಯಾರು? ಒಡೇರು. ಅವತ್ತು ಅನ್ನ ಹಾಕಿದ್ದು ಯಾರು? ಒಡೇರು. ಏಳು ಜನರೂ ಅದನ್ನೇ ಹೇಳಿದರು. "ನಮ್ಮ ಮನೆಯಿಂದಲೇ ಊಟ ತಂದಿದ್ದು ಅನ್ನಿ" ಅಂತ ನಮ್ಮ ವಕೀಲರು ಬೆಳಗ್ಗೆಯಿಂದ ತಲೆ ಚಚ್ಚಿಕೊಂಡಿದ್ದರು. ಆದರೆ ತಿಂದ ಅನ್ನವನ್ನು ತಿಂದಿಲ್ಲ ಅನ್ನಲು ಒಬ್ಬರ ನಾಲಿಗೆಯೂ ಹೊರಳಲಿಲ್ಲ. ನಿನ್ನ ಭಾವ ಅಂತೂ "ಹೋಳಿಗೆ ಹಾಕಿದ್ರು ಸಾಮಿ" ಅಂತ ಕೇಳದೇ ಇದ್ದದ್ದನ್ನೂ ಹೇಳಿದರು. ಅಲ್ಲಿದ್ದವರು ನಕ್ಕರು.

ಆಗಲೂ ನನಗೆ ಭಯವಾಗಲಿಲ್ಲ. ನೀನಿದ್ದೀಯಲ್ಲ ಅಂದುಕೊಂಡೆ.

ನೀನು ಕೋಟಿನ ಗುಂಡಿ ಹಾಕಿಕೊಂಡು ಎದ್ದೆ. "ಇವರು ಹಿಂದೆ ಗೇಣಿ ಮಾಡುತ್ತಿದ್ದರು. ಹೋದ ಮಳೆಗಾಲದಿಂದ ಒಡೆಯರದೇ ಸಾಗುವಳಿ" ಅಂದೆ. ಹಿಂದೆ! ನಾನು ತಪ್ಪಾಗಿ ಕೇಳಿಸಿಕೊಂಡೆ ಅಂದುಕೊಂಡೆ. ನೀನು ಇನ್ನೊಂದು ಸಲ ಅದನ್ನೇ ಹೇಳಿದೆ, ಶಾಲೆಯಲ್ಲಿ ಪದ್ಯ ಒಪ್ಪಿಸುವ ಹಾಗೆ.

ಹೊರಗೆ ಜಗುಲಿಯಲ್ಲಿ ಮಾಸ್ತಪ್ಪ ನಿನ್ನ ತೋಳು ಹಿಡಿದು ಕೇಳಿದ, "ಒಡೇರು ಇದಕ್ಕೇ ಬಂದಿದ್ದು ಅಂತ ನಿಂಗೆ ಮೊದ್ಲೇ ಗೊತ್ತಿತ್ತನಾ?" ನಾನು ಪಕ್ಕದಲ್ಲೇ ಇದ್ದೆ. ಇಲ್ಲ ಅನ್ನು, ಇಲ್ಲ ಅನ್ನು ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಸುಳ್ಳಾದರೂ ಸರಿ, ನಾನು ನಂಬುತ್ತಿದ್ದೆ. ನೀನು "ಗೊತ್ತಿತ್ತು" ಅಂದೆ. ಅದೂ ನನ್ನ ಮುಖ ನೋಡದೆ.

ಮೂಗುದಾರ ಒಡೆಯರಿಗೆ ಅಂತ ಬರೆದಿದ್ದೆಯಲ್ಲ, ಬಂದು ಬಿದ್ದದ್ದು ನಮ್ಮ ಮೂಗಿಗೆ. ಹಗ್ಗ ಹೊಸೆದವನು ನೀನು, ಹಿಡಿದುಕೊಂಡು ಹೋಗಿ ಏಳು ಮನೆಗೆ ಹಾಕಿದವಳು ನಾನು. ನಿನ್ನ ತಮ್ಮ ನಮ್ಮನ್ನು ಎಷ್ಟಕ್ಕೆ ಮಾರಿಕೊಂಡ ಅಂತ ಊರವರು ನನ್ನನ್ನು ಕೇಳುತ್ತಿದ್ದಾರೆ. ಅದನ್ನಾದರೂ ಹೇಳು, ಅವರಿಗೆ ಉತ್ತರ ಕೊಡಬೇಕು.

ಬಂಗಾರಮ್ಮ


ಶಿಕಾರಿಪುರ
೧೦-೩-೧೯೫೯

ಅಕ್ಕ,

ನಾನು ಒಂದು ಕಾಸು ಮುಟ್ಟಿಲ್ಲ. ಅವರ ಮನೆಯಲ್ಲಿ ಒಂದು ಲೋಟ ಕಾಫಿ ಸಹ ಕುಡಿದಿಲ್ಲ. ಬೇಕಾದರೆ ಅಪ್ಪನ ಹೆಸರಿನಲ್ಲಿ ಆಣೆ ಮಾಡುತ್ತೇನೆ.

ನನಗೆ ಗೊತ್ತಿತ್ತು. ನಿನಗೆ ಹೇಳಿದ್ದರೆ ನೀನು ಒಪ್ಪುತ್ತಿರಲಿಲ್ಲ, ಅದಕ್ಕೆ ಹೇಳಲಿಲ್ಲ. ಆದರೆ ಸಿಟ್ಟು ಬದಿಗಿಟ್ಟು ಯೋಚಿಸಿ ನೋಡು. ಏಳು ಮನೆ, ಏಳು ತುಂಡು ಗದ್ದೆ. ಬೆಳೆದದ್ದು ಗೇಣಿಗೂ ಹೊಟ್ಟೆಗೂ ಸರಿಹೋಗುತ್ತದೆ, ಮಿಗುವುದು ಏನೂ ಇಲ್ಲ. ಮಿಗದಿದ್ದರೆ ಉಳಿತಾಯವಿಲ್ಲ, ಉಳಿತಾಯವಿಲ್ಲದೆ ಬಂಡವಾಳವಿಲ್ಲ, ಅದಿಲ್ಲದೆ ಕಾರ್ಖಾನೆ, ಕರೆಂಟು, ಆಸ್ಪತ್ರೆ ಯಾವುದೂ ಇಲ್ಲ. ಒಡೆಯರು ಬದುಗಳನ್ನು ಒಡೆದು ಒಂದೇ ಗದ್ದೆ ಮಾಡುತ್ತಾರೆ, ಪಂಪು ಇಡುತ್ತಾರೆ, ಎರಡು ಬೆಳೆ ತೆಗೆಯುತ್ತಾರೆ. ನಮ್ಮ ಗದ್ದೆಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕೈಗಳಿವೆ. ಅವು ಅಲ್ಲಿಂದ ಬಿಡುಗಡೆಯಾಗಿ ಬೇರೆ ಕೆಲಸಕ್ಕೆ ಹೋಗದೆ ಯಾವ ದೇಶವೂ ಮುಂದೆ ಬಂದಿಲ್ಲ. ಮೊದಲು ಬೆಳೆಯಬೇಕು, ಆಮೇಲೆ ಹಂಚಬೇಕು. ಬಡತನವನ್ನೇ ಸಮನಾಗಿ ಹಂಚಿಕೊಂಡು ಕೂತರೆ ಅದು ಸಮಾಜವಾದವಲ್ಲ. ಕಾನೂನಿನಿಂದ ಒಡೆಯರನ್ನು ಹಿಡಿತಕ್ಕೆ ತರುವ ದಿನವೂ ಬರುತ್ತದೆ, ಅದಕ್ಕೆ ಸ್ವಲ್ಪ ಕಾಲ ಬೇಕು. ಯಾರಾದರೂ ಕೆಲವರು ಮೊದಲು ಕಷ್ಟಪಡಬೇಕಾಗುತ್ತದೆ. ನನ್ನ ಅಕ್ಕ ಅಂತ ನಿನ್ನನ್ನು ಮಾತ್ರ ಬಿಟ್ಟು ಬೇರೆಯವರಿಗೆ ಈ ಮಾತು ಹೇಳಿದರೆ ನಾನು ಎಂಥ ಮನುಷ್ಯ?

ಭಾವನಿಗೆ ಇಲ್ಲಿ ಅಕ್ಕಿ ಗಿರಣಿಯಲ್ಲಿ ಕಾವಲುಗಾರನ ಕೆಲಸ ನೋಡಿದ್ದೇನೆ. ತಿಂಗಳ ಸಂಬಳ, ಮಳೆ ಬಿಸಿಲು ಇಲ್ಲ. ಯೋಚಿಸಿ ಬರೆಯಿರಿ.

ಲೋಕಪ್ಪ


ಶಿಕಾರಿಪುರ
೨೪-೪-೧೯೫೯

ಅಕ್ಕ,

ನಿನ್ನಿಂದ ಉತ್ತರವಿಲ್ಲ. ತೀರ್ಪು ಒಡೆಯರ ಕಡೆ ಆದದ್ದು, ವರದೆಯ ಮದುವೆ ಗೊತ್ತಾದದ್ದು, ಎರಡೂ ಬೇರೆಯವರಿಂದ ತಿಳಿಯಿತು. ನೀನು ಕರೆಯದಿದ್ದರೂ ಬರುತ್ತೇನೆ. ಗದ್ದೆಯ ವಿಷಯ ಬೇರೆ, ಇದು ಬೇರೆ. ಅವಳನ್ನು ತೊಟ್ಟಿಲಿಗೆ ಹಾಕಿದವನು ನಾನು, ಹಸೆಗೆ ಕರೆತರುವವನೂ ನಾನೇ. ಸೀರೆ ತಂದಿಟ್ಟಿದ್ದೇನೆ. ಬಣ್ಣ ಕೇಳೋಣ ಅಂದರೆ ನೀನು ಬರೆಯಲಿಲ್ಲ, ಹಸಿರು ತೆಗೆದುಕೊಂಡೆ.

ನಿನ್ನ ತಮ್ಮ
ಲೋಕಪ್ಪ


ಹೊಸಬಾಳೆ
೨೦-೫-೧೯೫೯

ಲೋಕಪ್ಪ,

ಮಾರ್ಚಿನಲ್ಲಿ ಬಂದ ಕಾಗದಕ್ಕೆ ಈಗ ಉತ್ತರ. ನೀನು ಕಾಸು ಮುಟ್ಟಿಲ್ಲ ಅನ್ನುವುದನ್ನು ನಂಬುತ್ತೇನೆ. ಮುಟ್ಟಿದ್ದರೆ ಚೆನ್ನಾಗಿತ್ತು. ಆಸೆಗೆ ಬಿದ್ದ, ಹುಡುಗು ಬುದ್ಧಿ ಅಂತ ಬೈದು, ಅತ್ತು, ಒಂದು ದಿನ ಮತ್ತೆ ಒಳಗೆ ಕರೆಯುತ್ತಿದ್ದೆನೇನೋ. ನೀನು ನಮ್ಮನ್ನು ಒಂದು ವಿಚಾರಕ್ಕೆ ಕೊಟ್ಟೆ. ಅದೂ ನಮ್ಮನ್ನು ಕೇಳದೆ, ಕೇಳಿದರೆ ಒಪ್ಪುವುದಿಲ್ಲ ಅಂತ ಗೊತ್ತಿದ್ದೇ ಕೇಳದೆ.

ಮೊದಲು ಬೆಳೆಯಬೇಕು, ಆಮೇಲೆ ಹಂಚಬೇಕು ಅಂತ ಬರೆದಿದ್ದೀಯ. ಅದು ನಿನ್ನ ಪುಸ್ತಕದಲ್ಲಿ ಮಾತ್ರ ಇರುವುದಲ್ಲ. ಒಂದಕ್ಷರ ಬಾರದ ನಮ್ಮ ಅಪ್ಪ ಅದನ್ನು ಮಾಡಿ ನೋಡಿದ್ದ. ಮನೆಯಲ್ಲಿ ಒಬ್ಬ ಓದಿ ಮೇಲೆ ಬರಲಿ, ಆಮೇಲೆ ಎಲ್ಲರ ಕೈ ಹಿಡಿಯುತ್ತಾನೆ ಅಂತ ನನ್ನನ್ನು ನಾಲ್ಕನೇ ಕ್ಲಾಸಿಗೆ ಬಿಡಿಸಿ ನಿನ್ನನ್ನು ಮುಂದಕ್ಕೆ ಓದಿಸಿದ. ನಾನೂ ಮೇಷ್ಟ್ರ ಹತ್ತಿರ ಜಾಣೆ ಅನ್ನಿಸಿಕೊಂಡವಳೇ. ಆದರೂ ಒಂದು ದಿನ ಹೊಟ್ಟೆ ಉರಿಸಿಕೊಳ್ಳಲಿಲ್ಲ, ನೀನು ಬೆಳೆದರೆ ನಾನೇ ಬೆಳೆದ ಹಾಗೆ ಅಂದುಕೊಂಡೆ. ನೀನು ಬೆಳೆದೆ. ಹಂಚುವ ಹೊತ್ತು ಬಂದಾಗ ಏನಾಯಿತು ಅಂತ ಸೊರಬದಲ್ಲಿ ನಿಂತು ನೋಡಿದೆ. ನಿಮ್ಮ ಒಡೆಯರು ಬೆಳೆದು ಹಂಚುವ ದಿನ ಹೇಗಿರುತ್ತದೆ ಅಂತ ನನಗೆ ಗೊತ್ತು.

ಗಿರಣಿಯ ಕೆಲಸ ನಿನ್ನ ಭಾವನಿಗೆ ಬೇಡವಂತೆ. ಮಾಸ್ತಪ್ಪನ ಜತೆ ಕುಬಟೂರಿನ ಕಡೆ ಕೂಲಿಗೆ ಹೋಗುತ್ತಿದ್ದಾರೆ.

ಇನ್ನು ಮದುವೆಯ ಮಾತು. ನೀನು ಬಂದದ್ದನ್ನು ನಾನು ನೋಡಿದೆ. ಚಪ್ಪರದ ಆಚೆ, ಹಲಸಿನ ಮರದ ಹತ್ತಿರ, ಪೊಟ್ಟಣ ಹಿಡಿದು ನಿಂತಿದ್ದೆ. ಸೊರಗಿದ್ದೀಯ. ಒಳಗೆ ಏಳು ಮನೆಯವರೂ ಇದ್ದರು. ಅಷ್ಟೆಲ್ಲ ಆದರೂ ನನ್ನ ಮಗಳ ಮದುವೆಗೆ ಒಬ್ಬರೂ ತಪ್ಪಿಸಲಿಲ್ಲ. ಮಾಸ್ತಪ್ಪನ ಹೆಂಡತಿ ಹಿಂದಿನ ದಿನದಿಂದ ನಮ್ಮ ಅಡುಗೆ ಮನೆಯಲ್ಲೇ ಇದ್ದಳು.

"ಹೆಣ್ಣಿನ ಸೋದರಮಾವ ಎಲ್ಲಿ? ಹಸೆಗೆ ಕರಕಂಡು ಬರ್ಲಿ" ಅಂತ ಕೂಗಿದರು. ವರದೆ ತಲೆ ಎತ್ತಿ ಹಲಸಿನ ಮರದ ಕಡೆ ನೋಡಿದಳು, ಅವಳಿಗೂ ನೀನು ಕಂಡಿದ್ದೆ. ಎಲ್ಲರೂ ನನ್ನ ಮುಖ ನೋಡಿದರು. ನೀನು ಒಂದು ಹೆಜ್ಜೆ ಮುಂದಿಟ್ಟೆ. ನಾನು, "ಹುಡುಗಿಗೆ ಸೋದರಮಾವ ಇಲ್ಲ" ಅಂದೆ. ನಿನಗೆ ಕೇಳಲಿ ಅಂತ ಗಟ್ಟಿಯಾಗಿಯೇ ಅಂದೆ. ಮಾಸ್ತಪ್ಪ ಹೆಗಲ ಮೇಲಿನ ಟವಲು ತೆಗೆದು ಕೈ ಒರೆಸಿಕೊಂಡು ಬಂದ, ಅವಳ ಕೈ ಹಿಡಿದು ಹಸೆಗೆ ಕರೆದುಕೊಂಡು ಹೋದ. ಅಷ್ಟರಲ್ಲಿ ಮರದ ಹತ್ತಿರ ನೀನಿರಲಿಲ್ಲ. ಪೊಟ್ಟಣ ಅಲ್ಲೇ ಬೇರಿನ ಮೇಲಿತ್ತು. ಈ ಕಾಗದದ ಜತೆ ಅದನ್ನೂ ವಾಪಸು ಕಳಿಸುತ್ತಿದ್ದೇನೆ.

ಊಟಕ್ಕೆ ಕೂತಾಗ ಗಂಡಿನ ಕಡೆಯ ಒಬ್ಬ ಮುದುಕಿ ನನ್ನ ಬೆನ್ನು ಸವರಿ, "ಪಾಪ, ನಿನ್ ತಮ್ಮ ಯಾವಾಗ ಹೋದ್ನೇ ತಾಯಿ?" ಅಂತ ಕೇಳಿದಳು.

"ಹೋದ ಮಳೆಗಾಲದಲ್ಲಿ" ಅಂದೆ.

ಬಂಗಾರಮ್ಮ